ಯಲ್ಲಮ್ಮನವರ ಬಲಗೈ

ಕೊಡಿಗೇಹಳ್ಳಿಯ ಯಲ್ಲಮ್ಮನವರು ಬಳೆ ತೊಡುತ್ತಿದ್ದದ್ದು ಎಡಗೈಗೆ ಮಾತ್ರ. ಬಲಗೈ ಹಸುಗಳಿಗೆ ಮೀಸಲು. ಸುತ್ತಮುತ್ತ ಯಾರ ಹಸು ಮೇವು ಬಿಟ್ಟರೂ ಡಾಕ್ಟರಿಗಿಂತ ಮುಂಚೆ ಕರೆ ಬರುತ್ತಿದ್ದದ್ದು ಅವರಿಗೆ. ಬಂದು ಸೆರಗು ಸಿಕ್ಕಿಸಿ, ಹಸುವಿನ ನಾಲಗೆ ಪಕ್ಕಕ್ಕೆಳೆದು, ಬಲಗೈಯನ್ನು ಮೊಣಕೈವರೆಗೂ ಒಳಗೆ ಹಾಕಿ, ಗಂಟಲಿಗೆ ಸಿಕ್ಕಿದ ಪ್ಲಾಸ್ಟಿಕ್ ಕವರನ್ನು ಎಳೆದು ಬಿಸಾಡುತ್ತಿದ್ದರು. ನಮ್ಮ ಬೀದಿಯ ಹಸುಗಳು ಹುಲ್ಲಿಗಿಂತ ಕವರೇ ಹೆಚ್ಚು ತಿನ್ನುವುದರಿಂದ ಅವರ ರೋಗನಿರ್ಣಯ ಬಹುಪಾಲು ಸರಿಯಾಗಿಯೇ ಇರುತ್ತಿತ್ತು.

ನಾನು ವಿರೂಪಾಕ್ಷ, ಗದಗದವನು, ಅವರ ಮಹಡಿ ಮೇಲಿನ ಕೋಣೆಯ ಬಾಡಿಗೆದಾರ. ಬೈಕಿಗೆ ಐಸ್ ಡಬ್ಬಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ಎಳೆದು ತರುವುದು ನನ್ನ ಕೆಲಸ. ಆ ರಕ್ತದಲ್ಲಿ ಏನಿದೆ ಎಂದು ನೋಡುವವರು ಬೇರೆ, ಬುದ್ಧಿವಂತರು. ಆದರೂ ಬೀದಿಯವರು ‘ಡಾಕ್ಟ್ರೇ’ ಎಂದರೆ ತಿದ್ದುವ ಒಳ್ಳೆಯ ಗುಣ ನನ್ನಲ್ಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಜೊಲ್ಲು ಸುರಿಸುತ್ತ ನಿಂತದ್ದು ಅವರದೇ ಹಸು, ಹಾಲು ಮಾರಲು ಸಾಕಿದ ಮೂರರಲ್ಲಿ ಒಂದಾದ ಗೌರಿ.

“ಕವರ್ ಸಿಕ್ಕಂಡೈತೆ. ಡಾಕ್ಟ್ರೇ, ನಿನ್ ಫೋನ್ ಲೈಟ್ ಇಡ್ಕೊಂಡ್ ಬಾ.”

ಒಂದು ಕೈಯಲ್ಲಿ ಬೆಳಕು, ಇನ್ನೊಂದರಲ್ಲಿ ದವಡೆ ಹಿಡಿದೆ. ಯಲ್ಲಮ್ಮನವರ ಕೈ ಒಳಗೆ ತಡಕಾಡಿ ಬರಿದಾಗಿ ಹೊರಬಂತು. ಬೆರಳ ತುಂಬ ಹುಲ್ಲು ಕೊಯ್ಯುವಾಗಿನ ಹಸಿ ಗಾಯಗಳು, ಅವುಗಳ ಮೇಲೆಲ್ಲ ಜೊಲ್ಲು. ಅಷ್ಟರಲ್ಲಿ ಗೌರಿ ಕೂಗಿತು. ಹಸುವಿನ ಕೂಗಿನಂತಿರಲಿಲ್ಲ, ಗಂಟಲು ಒಡೆದು ಬಂದ ಸದ್ದು.

“ಇನ್ನೂ ಆಳಕ್ಕೋಗೈತೆ,” ಎಂದು ಮತ್ತೆ ಕೈ ಹಾಕಿದರು.

ಮರುದಿನ ಗೌರಿ ಹಿಂಗಾಲು ಎಳೆಯತೊಡಗಿತು. ಪಶುವೈದ್ಯೆ ಅಕ್ಷಯಾ ಬಂದರು. ಹಸುವನ್ನು ಮುಟ್ಟಲಿಲ್ಲ. ದೂರ ನಿಂತು ಆ ಕೂಗನ್ನು ಕೇಳಿದರು.

“ಬಾಯೊಳಗೆ ಯಾರಾದ್ರೂ ಕೈ ಹಾಕಿದ್ರಾ?”

ಮೇಷ್ಟ್ರು ಉಗುರು ನೋಡಲು ಬಂದಂತೆ ನಾನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

“ನಾನಾಕ್ದೆ. ಯಾಕಮ್ಮಾ?” ಎಂದರು ಯಲ್ಲಮ್ಮ.

“ಹುಚ್ಚುನಾಯಿ ಕಾಯಿಲೆ ಅನ್ನಿಸ್ತಿದೆ. ನುಂಗಕ್ಕಾಗದೆ ಜೊಲ್ಲು ಸುರಿಯುತ್ತೆ, ನೋಡೋರಿಗೆ ಗಂಟಲಲ್ಲಿ ಏನೋ ಸಿಕ್ಕಂಗೆ ಕಾಣುತ್ತೆ. ಇಬ್ರೂ ಸೋಪು ಹಾಕಿ ಕೈ ತೊಳ್ಕೊಂಡು ಈಗ್ಲೇ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಆಗ್ಲಿ ಅಂತ ಕಾಯ್ಬೇಡಿ. ಮನುಷ್ಯರಿಗೆ ಕಾಯಿಲೆ ಕಾಣಿಸ್ಕೊಂಡ್ಮೇಲೆ ಉಳಿಸೋಕಾಗಲ್ಲ.”

ನಾನು ಹೋದೆ. ನಿಜ ಹೇಳಬೇಕೆಂದರೆ, ಓಡಿದೆ. ದಿನವಿಡೀ ಊರವರಿಗೆ ‘ಇರುವೆ ಕಚ್ಚಿದಂಗೆ ಅಷ್ಟೇ’ ಎಂದು ಚುಚ್ಚುವ ನಾನು, ನರ್ಸ್ ಸಿರಿಂಜ್ ಎತ್ತಿದ ಕೂಡಲೇ ಕಣ್ಣು ಮುಚ್ಚಿ “ಸಾವಕಾಶ್ರೀ” ಎಂದೆ.

ಯಲ್ಲಮ್ಮ ಕದಲಲಿಲ್ಲ. “ಗೌರಿಗೆ ನಾಯಿ ಕಚ್ಚಿದ್ರೆ ನಂಗ್ ಗೊತ್ತಾಗ್ತಿರ್ಲಿಲ್ವಾ? ಈಗ ನಾನ್ ಸೂಜಿ ಆಕುಸ್ಕಂಡ್ರೆ ನಾನೇ ಡಂಗುರ ಸಾರ್ದಂಗೆ. ನಾಳೆಯಿಂದ ಯಾವ್ ಮನೆಯೋರು ನನ್ ತಾವ ಆಲು ತಗಂತಾರೆ?”

“ಅಮ್ಮಾ, ನೀವೇ ಇಲ್ಲಂದ್ರ ಹಾಲು ಹಿಂಡೋರು ಯಾರ್ರೀ?”

“ಸೂಜಿ ನೋಡಿ ಕಣ್ ಮುಚ್ಕಂಡೋನು ನಂಗ್ ಬುದ್ಧಿ ಯೋಳ್ತಾನೆ.” ಕೊಡಿಗೇಹಳ್ಳಿಯಲ್ಲಿ ಸುದ್ದಿ ನನ್ನ ಬೈಕಿಗಿಂತ ಮೊದಲು ಮನೆ ತಲುಪುತ್ತದೆ.

ಸಂಜೆ ಗೌರಿ ಸತ್ತಿತು. ಈ ಕಾಯಿಲೆಯನ್ನು ಖಚಿತವಾಗಿ ಹೇಳುವುದು ಮಿದುಳೊಂದೇ. ಅಕ್ಷಯಾ ಮುಖಕ್ಕೂ ಕೈಗೂ ಕವಚ ತೊಟ್ಟು, ತಲೆಬುರುಡೆಯ ಹಿಂದಿನ ರಂಧ್ರದಿಂದ, ಎಳನೀರಿನ ಸ್ಟ್ರಾದಂಥ ಕೊಳವೆಯಲ್ಲಿ ಒಂದು ಚೂರು ತೆಗೆದು ಡಬ್ಬಿಗೆ ಹಾಕಿ ಮುಚ್ಚಿದರು. ಬೆಳಿಗ್ಗೆ ಅದನ್ನು ಅವರೇ ಹೆಬ್ಬಾಳದ ಪ್ರಯೋಗಾಲಯಕ್ಕೆ ಒಯ್ಯಲು ಹೊರಟರು.

“ನಾನೂ ಬತ್ತೀನಿ. ಗೌರಿ ತಲೇಲಿ ಏನಿತ್ತು ಅಂತ ನನ್ ಕಿವಿಯಾರೆ ಕೇಳ್ಬೇಕು,” ಎಂದು ಯಲ್ಲಮ್ಮ ನನ್ನ ಬೈಕ್ ಹತ್ತಿದರು.

ಹೊರಗಿನ ಕಲ್ಲುಬೆಂಚಿನ ಮೇಲೆ ಕಾದೆವು. ಒಳಗೆ ಆ ಚೂರನ್ನು ಗಾಜಿನ ಮೇಲೆ ಸವರಿ, ಔಷಧಿ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗವಿದ್ದರೆ ಹಸಿರಾಗಿ ಹೊಳೆಯುತ್ತದೆ. ಯಾರಾದರೂ ರಿಪೋರ್ಟ್ ಯಾವಾಗ ಎಂದರೆ ‘ಸಂಜೆ ವಾಟ್ಸಾಪಿಗೆ ಬರುತ್ತೆ’ ಎಂದು ಬೈಕ್ ಸ್ಟಾರ್ಟ್ ಮಾಡುವವನು ನಾನು. ಇಲ್ಲಿ ಬಾಗಿಲು ಅಲುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಯಲ್ಲಮ್ಮ ಬಲಗೈ ತಿಕ್ಕಿಕೊಳ್ಳುತ್ತ ಮೆಲ್ಲಗೆ ಅಂದರು: “ಕೈ ಯಾಕೋ ಉರೀತೈತೆ ಕಣಪ್ಪ.”

ಗಾಯದಲ್ಲಿ ಉರಿ ಮೊದಲ ಲಕ್ಷಣವೆಂದು ಫೋನಿನಲ್ಲಿ ಓದಿದ್ದೆ. ಅವರ ಕೈಯತ್ತ ಬಗ್ಗಿದೆ. “ಯಾವಾಗಿಂದ?”

“ರಾತ್ರಿಯಿಂದ. ಬಟ್ಟೆ ಸೋಪಲ್ಲಿ ಉಜ್ಜಿ ಉಜ್ಜಿ ಇಟ್ಟಿವ್ನಿ.” ತಲೆ ಎತ್ತಲಿಲ್ಲ. ಕೈಯ ಚರ್ಮ ಕೆಂಪಗೆ ಸುಲಿದಿತ್ತು.

ಅಕ್ಷಯಾ ಹೊರಬಂದರು. “ಹಸಿರಾಗಿ ಹೊಳೀತಿದೆ ಅಮ್ಮ. ಹುಚ್ಚುನಾಯಿ ಕಾಯಿಲೇನೇ. ಹಾಲನ್ನ ಕಾಯಿಸ್ದೆ ಕುಡಿದೋರು ಯಾರಾದ್ರೂ ಇದಾರಾ? ಕಾಯ್ಸಿದ್ರೆ ಭಯ ಇಲ್ಲ.”

“ಅಸಿ ಆಲು ಯಾರಮ್ಮ ಕುಡೀತಾರೆ...” ಎಂದವರು ಅಲ್ಲೇ ನಿಂತರು. “ಸೋಮವಾರ. ನಮ್ ಬೀದಿ ಸುಮಾ ಮನೇಲಿ ಸತ್ಯನಾರಾಯಣ ಪೂಜೆ. ಪಂಚಾಮೃತಕ್ಕೆ ಗೌರಿ ಆಲೇ ಕೊಟ್ಟಿದ್ದೆ. ಅವಳ್ ಮಗಿ ಐಶ್ವರ್ಯಂಗೆ ನಾನೇ ಕುಡಿಸ್ದೆ.”

ನನಗೂ ನೆನಪಾಯಿತು. ಬಾಳೆಹಣ್ಣಿನ ಆಸೆಗೆ ಮೂರು ಸಲ ಕೈ ಒಡ್ಡಿದ್ದೆ.

“ಹಾಲಿಂದ ಬರೋದು ತೀರಾ ಅಪರೂಪ. ಆದ್ರೂ ಕುಡಿದೋರೆಲ್ಲ ಆಸ್ಪತ್ರೆಗೆ ಹೋಗ್ಲಿ,” ಎಂದರು ಅಕ್ಷಯಾ.

ಯಲ್ಲಮ್ಮ ಆಗಲೇ ಬೈಕಿನ ಹತ್ತಿರವಿದ್ದರು. “ತೆಗಿ ಗಾಡಿ!”

ಯಾವ ಮಾತು ಹೊರಬೀಳಬಾರದೆಂದು ಹಟ ಹಿಡಿದಿದ್ದರೋ ಅದನ್ನೇ ಬಾಗಿಲು ಬಾಗಿಲಿಗೆ ನಿಂತು ಕೂಗಿದರು: “ನಮ್ ಗೌರಿಗೆ ಉಚ್ಚುನಾಯಿ ರೋಗ ಇತ್ತು! ಪಂಚಾಮೃತ ಕುಡ್ದೋರೆಲ್ಲ ಒರಡಿ!”

ಸುಮಾಳ ಗಂಡ ವೇಣುಗೋಪಾಲ್ ಕೆಂಡವಾದ. “ನಿಮ್ಮ ಹಾಲು ತಗೊಂಡಿದ್ದೇ ತಪ್ಪಾಯ್ತು ಕಣ್ರೀ!”

“ಬೈಯಪ್ಪ, ಆಟೋದಲ್ಲಿ ಕೂತ್ಕಂಡು ಬೈಯುವಂತೆ. ಈಗ ಚಪ್ಪಲಿ ಮೆಟ್ಟು.”

ಆಸ್ಪತ್ರೆಯಲ್ಲಿ ಐಶ್ವರ್ಯ ಅಮ್ಮನ ಸೆರಗಿನೊಳಗೆ ಅಡಗಿ ಚೀರತೊಡಗಿದಳು. ಯಲ್ಲಮ್ಮ ಸ್ಟೂಲಿನ ಮೇಲೆ ಕೂತು ಬಲಗೈ ಚಾಚಿದರು. “ಮೊದ್ಲು ನಂಗೆ. ಮಗಿ ನೋಡ್ಲಿ.”

ಗಾಯವಿದ್ದ ಕಡೆಯೆಲ್ಲ ಚುಚ್ಚಬೇಕಿತ್ತು. ಸೀಳು ಸೀಳಿಗೂ ಸೂಜಿ ಇಳಿಯಿತು. ಅವರ ಮುಖ ಬದಲಾಗಲಿಲ್ಲ. ಎಡಗೈಯ ಬಳೆಗಳು ಮಾತ್ರ ಸದ್ದು ಮಾಡುತ್ತಿದ್ದವು.

“ನೋವಾಗಲ್ವಾ ಅಜ್ಜಿ?”

“ಇರುವೆ ಕಚ್ದಂಗೆ ಕಣವ್ವ. ಬೇಕಾದ್ರೆ ಈ ಡಾಕ್ಟ್ರುನ್ನ ಕೇಳು.”

ಮಗು ನನ್ನತ್ತ ನೋಡಿತು. ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ.

ಎಲ್ಲರ ಸೂಜಿಗಳೂ ಮುಗಿದು ತಿಂಗಳುಗಳಾಗಿವೆ. ಎಲ್ಲರೂ ಚೆನ್ನಾಗಿದ್ದೇವೆ. ಉಳಿದೆರಡು ಹಸುಗಳಿಗೂ ಲಸಿಕೆಯಾಯಿತು. ಹಾಲು ಕೊಳ್ಳುತ್ತಿದ್ದ ಮನೆಗಳಲ್ಲಿ ಅರ್ಧ ತಪ್ಪಿಹೋದವು. ವೇಣುಗೋಪಾಲ್ ಹಾಲು ಬಿಟ್ಟಿಲ್ಲ, ಬೈಯುವುದನ್ನೂ ಬಿಟ್ಟಿಲ್ಲ. ಮೊನ್ನೆ ರಾಜಾನುಕುಂಟೆಯಿಂದ ಫೋನ್ ಬಂತು: ಎಮ್ಮೆ ಜೊಲ್ಲು ಸುರಿಸುತ್ತಿದೆ, ಬಂದು ಕೈ ಹಾಕಬೇಕಂತೆ.

“ಅದರ ಬಾಯಿ ತಂಟೆಗೆ ಓಗ್ಬ್ಯಾಡ್ರಿ! ಡಾಕ್ಟ್ರಮ್ಮಂಗೆ ಫೋನ್ ಮಾಡ್ರಿ!” ಎಂದು ಯಲ್ಲಮ್ಮ ಮಹಡಿಗೆ ಕೇಳುವಂತೆ ಕಿರುಚಿದರು. ಇಣುಕಿ ನೋಡಿದೆ. ಫೋನ್ ಹಿಡಿದದ್ದು ಬಲಗೈ. ಅದರ ತುಂಬ ಬಳೆಗಳಿದ್ದವು.