ಗುರುಲಿಂಗಮ್ಮನ ಐದು ಹಲ್ಲುಗಳು

ಮಕ್ತಲದ ಗುರುಲಿಂಗಮ್ಮನಿಗೆ ಎಡಗೆನ್ನೆಯ ನೋವು ಶುರುವಾದದ್ದು ನಿಜಾಮರ ಮೇಲೆ ಪೊಲೀಸ್ ಕಾರ್ಯಾಚರಣೆಯಾದ ವರ್ಷ. ಕಿವಿಯ ಮುಂದಿನಿಂದ ಹೊರಟು ದವಡೆಗುಂಟ ಇಳಿಯುತ್ತಿತ್ತು, ಮತ್ತೆ ಕಣತಲೆಗೆ ಏರುತ್ತಿತ್ತು. ಬೆಳಿಗ್ಗೆ ಏಳುವಾಗಲೇ ಬಾಯಿ ಕಟ್ಟಿಹಾಕಿದ ಹಾಗಿರುತ್ತಿತ್ತು. ರೊಟ್ಟಿ ಅಗಿದರೆ ಕಣ್ಣಲ್ಲಿ ನೀರು.

ಪೇಟೆಯಲ್ಲಿ ಹಲ್ಲು ಕೀಳುತ್ತಿದ್ದ ಪೆದ್ದಪ್ಪ ಬಾಯೊಳಗೆ ಇಣುಕಿ, “ಹುಳ ಬಿದ್ದೈತಿ ಬೇ” ಎಂದು ದವಡೆಹಲ್ಲೊಂದನ್ನು ಕಿತ್ತ. ನಾಲ್ಕು ದಿನ ಹಗುರವಾಯಿತು. ಐದನೆಯ ದಿನ ನೋವು ಪಕ್ಕದ ಹಲ್ಲಿಗೆ ಬಂದು ಕೂತಿತು. ಅದನ್ನೂ ಕಿತ್ತ. ಎರಡು ವರ್ಷದಲ್ಲಿ ಐದು ಹಲ್ಲು ಹೋದವು, ನೋವು ಹೋಗಲಿಲ್ಲ. ಗುರುಲಿಂಗಮ್ಮ ಕಿತ್ತ ಹಲ್ಲುಗಳನ್ನು ತೊಳೆದು ಇಟ್ಟುಕೊಂಡಿದ್ದಳು. ಹುಳ ಎಲ್ಲಿದೆಯೆಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

ಗದ್ವಾಲಕ್ಕೆ ಮುಂಬಯಿಯಲ್ಲಿ ಓದಿದ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದಾರೆಂದು ಸುದ್ದಿಯಾದಾಗ ಭಾವ ಮೊಗುಲಪ್ಪನೇ ಅವಳನ್ನು ಕರೆದುಕೊಂಡು ಹೊರಟ. ವಿಧವೆಯಾದ ತಮ್ಮನ ಹೆಂಡತಿಯನ್ನು ಸಾಕುತ್ತಿರುವವನೆಂದು ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಹರಿಗೋಲಿನಲ್ಲಿ ಕೃಷ್ಣೆ ದಾಟಿದರು. ಹಲ್ಲುಗಳು ಅವಳ ಸೆರಗಿನ ಗಂಟಿನಲ್ಲಿದ್ದವು.

ಡಾಕ್ಟರ್ ಸುಧೀಂದ್ರರಾಯರು ಅವಳು ಗಂಟು ಬಿಚ್ಚಿ ಕೊಟ್ಟ ಒಂದೊಂದೇ ಹಲ್ಲನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಉಳಿದ ಹಲ್ಲುಗಳನ್ನು ಸಣ್ಣ ಕಡ್ಡಿಯಿಂದ ತಟ್ಟಿದರು. ಯಾವುದೂ ನೋಯಲಿಲ್ಲ. ಬಾಯಿ ತೆರೆಯಲು ಹೇಳಿದರು. ಎರಡು ಬೆರಳು ಹಿಡಿಯುವಷ್ಟೂ ತೆರೆಯಲಿಲ್ಲ. ಕಿವಿಯ ಮುಂದೆ ಕಟಕ್ಕೆಂದಿತು. ಕೆನ್ನೆಯ ಮಾಂಸವನ್ನು ಒತ್ತಿದಾಗ ಚೀರಿದಳು.

“ಯಾವಾಗಿನಿಂದ ಅದ ತಾಯಿ?” ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ.

“ನಮ್ಮ ತಮ್ಮ ತೀರಿಕೊಂಡಾಗಿಂದ್ರಿ,” ಬಾಗಿಲಲ್ಲಿ ನಿಂತಿದ್ದ ಮೊಗುಲಪ್ಪ ಹೇಳಿದ. “ಅದೇ ದುಃಖ.”

ಡಾಕ್ಟರರ ಬೆರಳು ಇನ್ನೂ ಅವಳ ಕೆನ್ನೆಯ ಮೇಲಿತ್ತು. ಅವನ ದನಿ ಕೇಳಿದ್ದೇ ಆ ಬೆರಳಿನ ಕೆಳಗೆ ಮಾಂಸ ಕಲ್ಲಾಯಿತು. ಅವರು ತಿರುಗಿ, “ನೀವು ಹೊರಗ ಕೂಡ್ರಿ” ಎಂದರು.

ಬಾಗಿಲು ಮುಚ್ಚಿದ ಮೇಲೆ ಅವಳು ಹೇಳಿದಳು. ಗಂಡ ಖಂಡಪ್ಪ ನಿಜಾಮರ ಸುಂಕದ ನಾಕೆಯಲ್ಲಿ ಜವಾನ. ರಜಾಕಾರರಿಗೆ ಹೆದರಿ ಹೊಳೆ ದಾಟುವವರನ್ನು ತಡೆಯದೆ ಬಿಟ್ಟವನು. ಮಿಲ್ಟ್ರಿ ಬಂದಾಗ ಚಾವಡಿಯಲ್ಲಿ ರಜಾಕಾರರಿಗೆ ನೆರವಾದವರ ಹೆಸರು ಬರೆಯುತ್ತಿದ್ದರು. ಅವಳು ಮಜ್ಜಿಗೆ ಒಯ್ದಿದ್ದಳು. “ನನ್ನ ತಮ್ಮನೇ ರೀ, ರಜಾಕಾರರಿಗೆ ಸುದ್ದಿ ಮುಟ್ಟಿಸ್ತಿದ್ದ” ಎಂದು ಮೊಗುಲಪ್ಪ ಹೇಳುವುದನ್ನು ಗೋಡೆಯ ಹಿಂದೆ ನಿಂತು ಕೇಳಿದಳು. ಬಾವಿಯ ಹೊಲ ಅಣ್ಣತಮ್ಮ ಇಬ್ಬರ ಹೆಸರಿನಲ್ಲಿತ್ತು. ಹಿಡಿದೊಯ್ದ ಮೂರು ತಿಂಗಳಿಗೆ ಖಂಡಪ್ಪ ಸೆರೆಯಲ್ಲೇ ಭೇದಿಯಾಗಿ ಸತ್ತ.

“ಅವತ್ತಿಂದ ಈ ಭಾವಗ ರೊಟ್ಟಿ ಬಡದು ಹಾಕಾಕ ಹತ್ತೀನ್ರಿ. ಬಾಯಿ ಬಿಟ್ರ ನನ್ನ ಮಗಳ ಮದುವಿ ಯಾರು ಮಾಡ್ಯಾರು?”

ಡಾಕ್ಟರರು ಐದೂ ಹಲ್ಲುಗಳನ್ನು ಅವಳ ಕೈಗೆ ತಿರುಗಿ ಕೊಟ್ಟರು. “ನಿನ್ನ ಹಲ್ಲು ಒಂದೂ ಕೆಟ್ಟಿದ್ದಿಲ್ಲ. ನೀನು ಹಗಲೂರಾತ್ರಿ ಹಲ್ಲು ಕಚ್ಚಿ ಹಿಡೀತಿ, ನಿದ್ದ್ಯಾಗೂ. ದವಡಿ ದಣಿದಾವ. ಇನ್ನ ಒಂದು ಹಲ್ಲೂ ಕೀಳಿಸಬ್ಯಾಡ. ತುಟಿ ಮುಚ್ಚಿದ್ರೂ ಹಲ್ಲಿಗೆ ಹಲ್ಲು ತಾಗಬಾರದು. ಬಿಸಿನೀರಿನ ಅರಿವಿ ಇಟ್ಟು ಕಾಸು. ರೊಟ್ಟಿ ಬಿಟ್ಟು ಅಂಬಲಿ, ನುಚ್ಚು ಉಣ್ಣು.” ಆಮೇಲೆ ಮೆಲ್ಲಗೆ, “ಉಳಿದದ್ದಕ್ಕ ನನ್ನ ಹತ್ರ ಔಷಧ ಇಲ್ಲ.”

ಆರು ತಿಂಗಳಲ್ಲಿ ನೋವು ಅರ್ಧಕ್ಕಿಳಿಯಿತು. ಮೊಗುಲಪ್ಪ ಎದುರಿಗೆ ಊಟಕ್ಕೆ ಕೂತಾಗ ಮಾತ್ರ ಬಿಗಿ ಸಡಿಲುತ್ತಿರಲಿಲ್ಲ.

ಮಗಳು ಆಶಮ್ಮನ ಮದುವೆಯಾಯಿತು. ಮಗಳನ್ನು ಕಳಿಸುವ ದಿನ, ಬೀಗರೆಲ್ಲ ಇನ್ನೂ ಚಪ್ಪರದಲ್ಲಿರುವಾಗಲೇ ಗುರುಲಿಂಗಮ್ಮ ಭಾವನ ಮುಂದೆ ಬಂದು ನಿಂತಳು.

“ಚಾವಡ್ಯಾಗ ನನ್ನ ಗಂಡನ ಹೆಸರು ಬರೆಸಿದಾಂವ ನೀನ. ನಾ ಕಿವಿಯಾರೆ ಕೇಳೀನಿ.”

ಮೊಗುಲಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. “ಪಾಪ, ಹಲ್ಲಿನ ಬ್ಯಾನಿ ತಲಿಗೇರೈತಿ. ಗದ್ವಾಲದ ಡಾಕ್ಟರಿಗೂ ತೋರಿಸೀನಿ.” ಎಲ್ಲರೂ ತಲೆಯಾಡಿಸಿದರು. ಯಾರೋ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಗಟ್ಟು ಊರಿನಲ್ಲಿದ್ದ ಅವಳ ತಮ್ಮ ಬಂದು ಕರೆದುಕೊಂಡು ಹೋದ. ಅಲ್ಲಿಗೆ ಆಶಮ್ಮ ಹೇಳಿಕಳಿಸಿದಳು: “ನಮ್ಮ ಮನಿ ಕಡೆ ಬರಬ್ಯಾಡ ಅವ್ವ, ಅತ್ತಿಯಾರು ನಗತಾರ.” ಮರುವರ್ಷ ಆಶಮ್ಮ ಹೆಣ್ಣು ಹೆತ್ತದ್ದೂ ಮಗುವಿಗೆ ಬುಗ್ಗಮ್ಮ ಎಂದು ಹೆಸರಿಟ್ಟದ್ದೂ ಗುರುಲಿಂಗಮ್ಮನಿಗೆ ಬಳೆಗಾರನ ಬಾಯಿಂದ ತಿಳಿಯಿತು.