ಕರೆಯುವ ಮೊದಲೇ ಬರುತ್ತಿದ್ದ ದನಿ

ಅವ್ವನ ಅಣ್ಣ ಊರಿನ ಭಜನಾ ಮೇಳದಲ್ಲಿ ಹಿಮ್ಮೇಳಕ್ಕೆ ಹಾಡುತ್ತಿದ್ದ. ಆ ಮೇಳ ಹೊರತಂದದ್ದು ಒಂದೇ ಒಂದು ಕ್ಯಾಸೆಟ್. ತನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಮಾವ ತೀರಿಕೊಂಡ. ಅವನ ದನಿ ಉಳಿದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಶ್ರಾವಣ ಸೋಮವಾರ ಬಂದರೆ ಸಿಕಂದರಾಬಾದಿನ ಹತ್ತಿರ ನಾಚಾರಂನ ನಮ್ಮ ಮನೆಯಲ್ಲಿ ಅದು ಹಾಡಲೇಬೇಕು. ಎರಡನೆಯ ಹಾಡಿನ ಪಲ್ಲವಿಗೆ ಎಲ್ಲರೂ ದನಿಗೂಡಿಸುವ ಮೊದಲೇ ಒಬ್ಬ ಅವಸರದಿಂದ ನುಗ್ಗಿಬಿಡುತ್ತಿದ್ದ. ಅವನೇ ಮಾವ. ಅವ್ವ ಹಿಟ್ಟು ನಾದುವ ಕೈ ನಿಲ್ಲಿಸಿ, "ಬಂದಾ ನೋಡ್ರಿ, ಕರಿಯೂದ್ರಾಗ ಊಟಕ್ಕ ಕುಂತಂಗ!" ಎಂದು ನಗುತ್ತಿದ್ದಳು.

ಬರೆಯುತ್ತಿರುವಾಗಲೇ ಅನುಮಾನ ಬರುತ್ತಿದೆ. ಆ ದನಿಯನ್ನು ನಾನು ನಿಜವಾಗಿ ಕೇಳುತ್ತಿದ್ದೆನೋ, ಅವ್ವನ ನಗುವನ್ನಷ್ಟೇ ಕೇಳುತ್ತಿದ್ದೆನೋ?

ಟೇಪ್ ರೆಕಾರ್ಡರ್ ಕೆಟ್ಟಾಗ ರಿಪೇರಿ ಮಾಡುವವರು ಸಿಗಲಿಲ್ಲ. ಆ ಹಾಡುಗಳು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿದ್ದವು. ಅದೇ ಹೆಸರು, ಅದೇ ಚಿತ್ರ: ಸಾಲಾಗಿ ಕುಳಿತ ಮೇಳ, ತುದಿಯಲ್ಲಿ ಅರ್ಧ ಮುಖ ಕತ್ತರಿಸಿಹೋದ ಮಾವ. ದುಡ್ಡು ಕಟ್ಟಿ ಅವ್ವನ ಫೋನಿಗೆ ಇಳಿಸಿಕೊಟ್ಟೆ. ಹಿಂದೆ ಅಂಗಡಿಯವನು ಕ್ಯಾಸೆಟ್ ಹಾಕಿ ಕೇಳಿಸಿಯೇ ಕೊಡುತ್ತಿದ್ದ. ಇಲ್ಲಿ ಚಿತ್ರ ನೋಡಿದ್ದೇ ಸಾಕಾಯಿತು. ಅವ್ವ ಫೋನನ್ನು ಕಣ್ಣಿಗೊತ್ತಿಕೊಂಡಳು. ಶ್ರಾವಣ ಇನ್ನೂ ದೂರವಿತ್ತು. ಬೇರೆ ದಿನ ಆ ಹಾಡು ಹಾಕುವ ರೂಢಿ ನಮ್ಮಲ್ಲಿಲ್ಲ.

ಅಷ್ಟರಲ್ಲಿ ಹಳೆಯ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಳು. "ಎಲ್ಲಾ ಫೋನಿನಾಗ ಐತಿ" ಎಂಬ ಒಂದು ಮಾತಿಗೆ ಟೇಪೂ ಕ್ಯಾಸೆಟ್ಟೂ ಅವಳ ಬುಟ್ಟಿ ಸೇರಿದವು. ಆ ಮಾತು ಆಡಿದ್ದು ಅವ್ವ ಎಂದು ನನ್ನ ನೆನಪು. ನಾನು ಎಂದು ಅವ್ವನ ನೆನಪು.

ಶ್ರಾವಣದ ಮೊದಲ ಸೋಮವಾರ ದೇವರ ಮುಂದೆ ಫೋನಿಟ್ಟು ಹಾಡು ಹಚ್ಚಿದೆ. ಹಳೆಯ ಹಾರ್ಮೋನಿಯಂ ಬದಲು ಕೀಬೋರ್ಡ್ ಮೊಳಗಿತು.

"ಇದ್ಯಾವ ಪೆಂಡಾಲಿನ ಹಾಡ ಹಚ್ಚೀದಿ?"

"ಅದ ಐತಿ ಅವ್ವಾ, ಪದ ಕೇಳು."

ಪದ ಅದೇ ಇತ್ತು. ಎರಡನೆಯ ಹಾಡಿನ ಪಲ್ಲವಿ ಬಂತು. ಎಲ್ಲರೂ ಕವಾಯತಿನ ಹಾಗೆ ಒಟ್ಟಿಗೆ ಶುರುಮಾಡಿದರು.

"ಮತ್ತೊಮ್ಮಿ ಹಚ್ಚು" ಎಂದಳು. ಹಚ್ಚಿದೆ. ಆಮೇಲೆ ಮೆಲ್ಲಗೆ, "ಇದರಾಗ ನಮ್ಮಣ್ಣ ಇಲ್ಲೋ ತಮ್ಮಾ" ಎಂದಳು.

ಬೇರೆ ಯಾರಿಂದಲೋ ಹಾಡಿಸಿ ಹಳೆಯ ಚಿತ್ರ ಅಂಟಿಸಿ ಮಾರಿದ್ದರು. ದೂರು ಬರೆದೆ. ಶೀರ್ಷಿಕೆ, ಸಾಹಿತ್ಯ ಎರಡೂ ವಿವರಣೆಯಲ್ಲಿದ್ದಂತೆಯೇ ಇವೆ ಎಂದು ಉತ್ತರ ಬಂತು. ಸುಳ್ಳಲ್ಲ. ಸಿಕಂದರಾಬಾದಿನಲ್ಲಿ ಮೊದಲು ಕ್ಯಾಸೆಟ್ ಮಾರುತ್ತಿದ್ದ ಅಂಗಡಿಗೆ ಹೋದೆ. ಗೋಡೆ ತುಂಬ ಮೊಬೈಲ್ ಕವರು. "ಅಬ್ ಗಾನಾ ಕೌನ್ ಖರೀದ್ತಾ ಭಾಯ್? ಕವರ್ ಲೇಲೋ" ಎಂದು ಅಂಗಡಿಯವನು ನಕ್ಕ. ಹಾಡು ಕೊಳ್ಳುವವರೇ ಇಲ್ಲವಂತೆ, ಬೇಕಾದರೆ ಕವರ್ ಒಯ್ಯಬೇಕಂತೆ. ಊರಿನವರನ್ನು ಹಳೆಯ ಕ್ಯಾಸೆಟ್ ಕೇಳಿದರೆ ಅವರೂ ಫೋನೇ ತೋರಿಸಿದರು.

ಈ ಶ್ರಾವಣದಲ್ಲಿ ಮಾವನ ಮಗ ಬಂದಿದ್ದ, ಈಗ ಮೀಸೆ ಬಂದ ಗಂಡಸು. ಅವ್ವ ತಾನೇ ಫೋನ್ ಹಚ್ಚಿದಳು. ಪಲ್ಲವಿ ಬಂದಾಗ ಬೆರಳೆತ್ತಿ, "ಕೇಳಿದೇನು? ನಿಮ್ಮಪ್ಪನ ದನಿ" ಎಂದಳು.

ಅವನ ಕಣ್ಣು ತುಂಬಿತು. "ಹೌದ್ರಿ ಅತ್ತಿ, ಭಾಳ ಛಲೋ ಹಾಡ್ಯಾನ. ತಾಳ ಒಂಚೂರೂ ತಪ್ಪಿಲ್ಲ!"

ಅವ್ವ ತಲೆಯಾಡಿಸಿದಳು. ತಿಳಿದೇ ಹೇಳಿದಳೋ, ಕೇಳಿ ಕೇಳಿ ನಂಬಿಬಿಟ್ಟಿದ್ದಳೋ, ಮುಖದಲ್ಲಿ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಕೇಳಿದೆ: "ಅವ್ವಾ, ಅದು ಮಾವ ಅಲ್ಲಲಾ?"

"ಹಂಗಾರ ಮಾವನ ದನಿ ಹೆಂಗಿತ್ತು, ನೀನ ಹೇಳು."

ಕಣ್ಣು ಮುಚ್ಚಿ ಮೊದಲಿನಿಂದ ನೆನಪಿಸಿಕೊಂಡೆ. ಪಲ್ಲವಿಯ ಹೊತ್ತಿಗೆ ಕಾದೆ. ಬಂದದ್ದು ಕೀಬೋರ್ಡ್.