ಬಳಗದ ಗ್ಯಾಸ್ಟ್ರಿಕ್

ಬೀದಿಯವರು ಅವಳಿಗೆ ಕತ್ತರಿ ಎಂದು ಹೆಸರಿಟ್ಟದ್ದು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ ಎಂಬ ಒಂದೇ ಕಾರಣಕ್ಕಲ್ಲ. ಅವಳ ಬಾಯಿಗೆ ಸಿಕ್ಕವರು ಇಡಿಯಾಗಿ ಹೊರಬಂದದ್ದು ಕಡಿಮೆ. ಗಂಡ ಬಸ್ ಡ್ರೈವರ್, ಮೂರು ತಿಂಗಳಿಂದ ಹೊಟ್ಟೆನೋವು ಎನ್ನುತ್ತಿದ್ದ. ಅವನ ಹೊಟ್ಟೆಯಲ್ಲಿ ಕ್ಯಾನ್ಸರ್ ಹಬ್ಬಿದೆ, ಇನ್ನು ಮನೆಯಲ್ಲೇ ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಕೈಚೆಲ್ಲಿದ ದಿನ ಬಳಗವೆಲ್ಲ ಸೇರಿ ಒಂದು ಠರಾವು ಮಾಡಿತು: ರೋಗಿಯ ಮುಂದೆ ಆ ಪದ ಎತ್ತಕೂಡದು, ಅವನಿಗೆ ಬಂದಿರುವುದು ಗ್ಯಾಸ್ಟ್ರಿಕ್. ಇಂಜಿನ್ನಿನ ಸದ್ದು ಕೇಳಿಯೇ ಬಸ್ಸಿನ ಯಾವ ಭಾಗ ಕೆಟ್ಟಿದೆ ಎಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಹೊಟ್ಟೆ ಕೆಟ್ಟದ್ದು ತಿಳಿಯುವುದಿಲ್ಲವಂತೆ!

ಠರಾವಿನ ಅಧ್ಯಕ್ಷರು ಭಾವ, ಅಂದರೆ ಗಂಡನ ಅಣ್ಣ, ನಿವೃತ್ತ ಹೆಡ್‌ಮಾಸ್ಟರು. ತಮ್ಮನನ್ನು ನೋಡಿಕೊಳ್ಳುತ್ತೇನೆಂದು ಪೆಟ್ಟಿಗೆ ಸಮೇತ ಬಂದಿಳಿದವರು ಮನೆಯ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತು ನಿಜಕ್ಕೂ ನೋಡುತ್ತಲೇ ಇದ್ದರು. ಹೊಲಿಗೆ ಮಿಷನ್ನನ್ನು ಹೊರಗೆ ಎಳೆದು, ತಲೆಭಾಗ ಏರಿಸುವ ಮಂಚ ತರಿಸಿ, ಬೆನ್ನು ಹುಣ್ಣಾಗದಂತೆ ಗಂಡನ ಮಗ್ಗುಲು ಬದಲಿಸುವುದನ್ನು ಕಲಿತವಳು ಅವಳು. ಅವಳಿಗೆ ಬೇಕಾದದ್ದು ಇಷ್ಟೇ, ಹೋಗುವ ಜೀವ ನರಳದೆ ಹೋಗಲಿ.

ವಾರಕ್ಕೆರಡು ಸಲ ಮನೆಗೆ ಬರುವ ನರ್ಸು ಮೊದಲ ದಿನವೇ ಹೇಳಿದ್ದಳು. "ನೋವು ಬಂದ್ಮೇಲೆ ಕೊಡೋದಲ್ಲ ಅಕ್ಕಾ, ಬರೋಕೆ ಮುಂಚೆ ಕೊಡ್ಬೇಕು. ನಾಲ್ಕು ಗಂಟೆಗೊಂದು ಮಾರ್ಫಿನ್, ತಪ್ಪಿಸ್ಬೇಡಿ." ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಕತ್ತರಿ ಗೋಡೆಯ ಮೇಲೆ ಹೊತ್ತು ಮತ್ತು ಮಾತ್ರೆಯ ಹೆಸರು ಬರೆದಳು. ಮೂರು ವಾರ ಡ್ರೈವರು ಪೇಪರ್ ಓದುತ್ತ, ಬೀದಿಯಲ್ಲಿ ಸುಮ್ಮಸುಮ್ಮನೆ ಹಾರನ್ ಹೊಡೆಯುವವರನ್ನು ಬೈಯುತ್ತ ಆರಾಮಾಗಿದ್ದ.

ಭಾವನಿಗೆ ಅದೂ ಸಹಿಸಲಾಗಲಿಲ್ಲ. ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ಅದು ಅಫೀಮಿನ ಜಾತಿ ಕಣಮ್ಮ. ಚಟ ಹತ್ತುತ್ತೆ."

"ಹತ್ಲಿ ಬಿಡಿ ಭಾವ. ಬಿಡಿಸೋಕೆ ಯಮ ಬರ್ತಾನಲ್ಲ."

ಆ ಮಾತ್ರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆಸ್ಪತ್ರೆಗೇ ಹೋಗಿ ಸಹಿ ಹಾಕಿ ತರಬೇಕು. ಇದ್ದದ್ದು ಮುಗಿಯುತ್ತ ಬಂದಾಗ ಅವಳು ಬೆಳಗಿನ ಹತ್ತು ಗಂಟೆಯ ಮಾತ್ರೆಯನ್ನು ಬಟ್ಟಲಲ್ಲಿಟ್ಟು ಭಾವನಿಗೆ ತೋರಿಸಿ ಹೊರಟಳು. ಆಸ್ಪತ್ರೆಯ ಸಾಲು ಕರಗಿ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಗಂಡನ ನರಳಾಟ ಬೀದಿಗೇ ಕೇಳುತ್ತಿತ್ತು.

ಒಳಗೆ ಅವನು ಮೊಣಕಾಲು ಎದೆಗೆ ಒತ್ತಿಕೊಂಡು ದಿಂಬು ಕಚ್ಚುತ್ತಿದ್ದ. ಬಟ್ಟಲಲ್ಲಿ ಮಾತ್ರೆ ಹಾಗೇ ಇತ್ತು. ಗೋಡೆಯ ಮೇಲೆ 'ಮಾರ್ಫಿನ್' ಅಳಿಸಿಹೋಗಿ ಅಲ್ಲಿ ದುಂಡಗೆ 'ಗ್ಯಾಸ್ ಮಾತ್ರೆ' ಎಂದು ಬರೆದಿತ್ತು.

"ಪಕ್ಕದ್ಮನೆಯವರು ನೋಡೋಕೆ ಬಂದಿದ್ರು," ಎಂದರು ಭಾವ. "ಗೋಡೆ ಮೇಲೆ ಆ ಹೆಸರು ಚೆನ್ನಾಗಿರಲ್ಲ ಅಂತ ತಿದ್ದಿದೆ."

"ಕೊಟ್ಟಿದ್ದೇನು?"

"ಬರ್ದಿದ್ದನ್ನೇ ಕೊಟ್ಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇವರೇ ಮೂಲಪುರುಷರಿರಬೇಕು. ಜೀವಮಾನವಿಡೀ ತಿದ್ದಿದ್ದೇ ಸರಿ ಎಂದು ಬದುಕಿದವರು ತಮ್ಮ ಸುಳ್ಳನ್ನು ತಾವೇ ಓದಿ, ತಾವೇ ನಂಬಿ, ತಮ್ಮನ ಬಾಯಿಗೆ ಹಾಕಿದ್ದರು.

ಅವಳು ಮೊದಲು ಗಂಡನ ತಲೆಯೆತ್ತಿ ಮಾತ್ರೆ ನುಂಗಿಸಿದಳು. ಆಮೇಲೆ ಪಿಸುಗುಟ್ಟದೆ, ಗಟ್ಟಿಯಾಗಿಯೇ ಹೇಳಿದಳು. "ಭಾವ, ನಿಮ್ಮ ತಮ್ಮನಿಗೆ ಬಂದಿರೋದು ಕ್ಯಾನ್ಸರ್. ಇದು ಗ್ಯಾಸ್ ಮಾತ್ರೆಗೆ ಹೋಗೋ ನೋವಲ್ಲ."

ಭಾವ ಗಾಬರಿಯಿಂದ ಮಂಚದ ಕಡೆ ಕಣ್ಸನ್ನೆ ಮಾಡಿದರು. ಸನ್ನೆ ಮಾಡಿ ಉಪಯೋಗವಿರಲಿಲ್ಲ. ಆ ಮಾತಿನ ಪೆಟ್ಟು ಅವಳಿಗೂ ಬಿದ್ದಿತ್ತು. ಬಳಗವನ್ನೆಲ್ಲ ಇಷ್ಟು ದಿನ ಆಡಿಕೊಂಡವಳು ಗಂಡನೆದುರು ಆ ಪದವನ್ನು ಒಮ್ಮೆಯೂ ಆಡಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ನೋವು ಇಳಿಯಿತು. ಭಾವ ಹೊರಗೆ ಮಿಷನ್ನಿನ ಪಕ್ಕ ತಲೆತಗ್ಗಿಸಿ ಕೂತಿದ್ದರು. ಡ್ರೈವರು ಕಣ್ಣು ತೆರೆದ.

"ನಂಗೆ ಗೊತ್ತಿತ್ತು ಕಣೇ. ನೀನಾದ್ರೂ ಹೇಳ್ತೀಯ ಅಂತ ಕಾಯ್ತಿದ್ದೆ."

"ಭಯ ಆಯ್ತು ರೀ."

"ನಂಗೂ ಆಗ್ತಿದೆ," ಎಂದ ಅವನು. "ನಾಲ್ಕು ತಿಂಗಳಿಂದ ಒಬ್ಬನೇ ಹೆದರ್ತಾ ಇದ್ದೀನಿ."